ಮಂಗಳೂರಿನಿಂದ ಹುಬ್ಬಳ್ಳಿಗೆ 267 ಕಿಲೋಮೀಟರ್, ಅದೂ ಬೆಂಗಳೂರಿನ ಮೇಲೆ: ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಕೇಂದ್ರ ನಾಗರಿಕ ವಿಮಾನಯಾನ ಸಚಿವರು, ನವದೆಹಲಿ
ಹಾಗೂ
ಮೂಲಸೌಲಭ್ಯ ಅಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಂಗಳೂರು–ಹುಬ್ಬಳ್ಳಿ ನಡುವೆ ನೇರ ವಿಮಾನ, ಅದೂ ಜನರಿಗೆ ಬೇಕಾದ ಹೊತ್ತಿಗೆ

ಮಾನ್ಯರೇ,

ಮಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ದೂರ ಅಂತ ಫೋನಿನಲ್ಲಿ ಕೇಳಿ ನೋಡಿ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ: ಸುಮಾರು 267 ಕಿಲೋಮೀಟರ್, ಹಾರಾಟದ ಅವಧಿ 50 ನಿಮಿಷ. ಸರಿ, ಹಾಗಾದರೆ ಒಂದು ಟಿಕೆಟ್ ಕೊಡು ಅನ್ನಿ. ಅದೇ ಫೋನು ನಿಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅಲ್ಲಿ ನಾಲ್ಕು ಗಂಟೆ ಕೂರಿಸಿ, ಆಮೇಲೆ ಹುಬ್ಬಳ್ಳಿಗೆ ಕಳಿಸುವ ದಾರಿ ತೋರಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಅನ್ನ ಹುಡುಕಿಕೊಂಡು ಬಂದದ್ದು ಮಂಗಳೂರಿಗೆ. ಹನ್ನೊಂದು ವರ್ಷವಾಯಿತು. ಹೆಂಡತಿ ಪುತ್ತೂರಿನವಳು. ಮಗಳು ಅಜ್ಜಿಯ ಹತ್ತಿರ ‘ಹೋಗೂಣು’ ಅಂತಾಳೆ, ಅಮ್ಮನ ಹತ್ತಿರ ‘ಹೋಗುವಾ’ ಅಂತಾಳೆ. ಇಂಥ ಮನೆಗಳು ಕರಾವಳಿಯಲ್ಲಿ ನನ್ನದೊಂದೇ ಅಲ್ಲ. ಬ್ಯಾಂಕು, ಕಾಲೇಜು, ಆಸ್ಪತ್ರೆ, ಬಂದರು, ಕಟ್ಟಡದ ಕೆಲಸ ಅಂತ ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯವರು ಇಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಶನಿವಾರ ರಾತ್ರಿ ಬಿಜೈ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ಅವರೆಲ್ಲ ವಿಮಾನ ಹತ್ತುವವರು ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತಬಲ್ಲವರೂ ಹತ್ತಲೇಬೇಕಾದವರೂ ಅವರಲ್ಲಿದ್ದಾರೆ.

2024ರ ಜುಲೈನ ಸಂಗತಿ ಹೇಳುತ್ತೇನೆ. ಆ ತಿಂಗಳ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಜನ ಸತ್ತರು, ಗಂಗಾವಳಿ ನದಿಗೆ ಲಾರಿಯೇ ಹೋಯಿತು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಮಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮುಖ್ಯ ದಾರಿಯೇ ಅದು: ಕರಾವಳಿ ಹಿಡಿದು ಅಂಕೋಲಾದವರೆಗೆ ಹೋಗಿ, ಅಲ್ಲಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ. ಹತ್ತು ದಿನ ಕಳೆಯುವಷ್ಟರಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಯಡಕುಮೇರಿ ಕಡೆ ಮಣ್ಣು ಜರಿದು ಹಳಿಯ ಕೆಳಗಿನ ನೆಲವೇ ಹೋಯಿತು, ರೈಲೂ ನಿಂತಿತು. ಶಿರಾಡಿಯಲ್ಲಿ ಬೇರೆ ಕುಸಿತ. ಅದೇ ವಾರ ಧಾರವಾಡದಲ್ಲಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು.

ಬೆಳಗಿನ ಐದಕ್ಕೆ ಕದ್ರಿಯ ಮನೆ ಬಿಟ್ಟೆ. ಬಜಪೆಯಲ್ಲಿ ಆಕಾಶವೂ ರನ್‌ವೇಯೂ ಒಂದೇ ಬಣ್ಣ, ಹಸಿ ಸಿಮೆಂಟಿನದು. ಆರೂ ಐವತ್ತರ ವಿಮಾನ ಎಂಟೂ ಹತ್ತಕ್ಕೆ ಎದ್ದಿತು. ಮಳೆಗೆ ಯಾರನ್ನು ಬೈಯುವುದು? ಬೆಂಗಳೂರಿನಲ್ಲಿ ಇಳಿದಾಗ ಒಂಬತ್ತೂ ಇಪ್ಪತ್ತು. ನನಗೆ ಸಿಕ್ಕ ಹುಬ್ಬಳ್ಳಿ ವಿಮಾನ ಮಧ್ಯಾಹ್ನ ಒಂದೂ ನಲವತ್ತಕ್ಕೆ. ಬೇರೆ ಕಂಪನಿ, ಬೇರೆ ಟಿಕೆಟ್. ಹಾಗಾಗಿ ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಒಳಗೆ ಹೋಗಿ ಮತ್ತೆ ಬೆಲ್ಟು ಬಿಚ್ಚಿದೆ.

ಅಲ್ಲಿ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಕೂತಿದ್ದರು. ಇಳಕಲ್ ಸೀರೆ, ತೊಡೆಯ ಮೇಲೆ ದೊಡ್ಡ ಎಕ್ಸ್‌ರೇ ಕವರು, ಪಕ್ಕದ ಗಾಲಿಕುರ್ಚಿಯಲ್ಲಿ ಗಂಡ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮುಗಿಸಿಕೊಂಡು ನವಲಗುಂದದ ಕಡೆ ಊರಿಗೆ ಹೊರಟವರು. ಬಸ್ಸಿನಲ್ಲಿ ಕೂರಿಸಬೇಡಿ ಅಂದರಂತೆ ಡಾಕ್ಟರು, ಮಗ ಸಾಲ ಮಾಡಿ ವಿಮಾನದ ಟಿಕೆಟ್ ತೆಗೆಸಿದ್ದ. ನನ್ನ ಮಾತಿನ ಧಾಟಿ ಕೇಳಿದ್ದೇ ತಡ, ಕುರ್ಚಿ ಸರಿಸಿಕೊಂಡು ಕೇಳಿದರು: “ಅಲ್ರೀ ಅಣ್ಣಾ, ಮಂಗಳೂರಿಂದ ಹುಬ್ಬಳ್ಳಿಗೆ ಹೋಗಾಕ ಬೆಂಗಳೂರಿಗ್ಯಾಕ ಬರಬೇಕ್ರೀ? ಕೈ ಸುತ್ತಿ ಮೂಗು ಹಿಡದಂಗಾತಲ್ರೀ.”

ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನೇ ತಮಗೆ ದಾಟಿಸುತ್ತಿದ್ದೇನೆ.

ನಾನು ಧಾರವಾಡದ ಮನೆ ಮುಟ್ಟಿದ್ದು ಮೂರೂ ಮುಕ್ಕಾಲಿಗೆ. ಹತ್ತೂ ಮುಕ್ಕಾಲು ಗಂಟೆ. ಅದರಲ್ಲಿ ನೆಲ ಬಿಟ್ಟು ಗಾಳಿಯಲ್ಲಿ ಇದ್ದದ್ದು ಎರಡೂ ಹಾರಾಟ ಕೂಡಿ ಎರಡು ಗಂಟೆಗೂ ಕಡಿಮೆ. ಹೆದ್ದಾರಿ ನೆಟ್ಟಗಿದ್ದ ದಿನವಾದರೆ ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು ಇದಕ್ಕಿಂತ ಬೇಗ, ಇದರ ಐದನೇ ಒಂದು ಪಾಲು ದುಡ್ಡಿನಲ್ಲಿ ಮುಟ್ಟುತ್ತಿದ್ದೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಮಂಗಳೂರಿನಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 306 ಕಿಲೋಮೀಟರ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 370. ಒಟ್ಟು 676. ಅಂದರೆ 267 ಕಿಲೋಮೀಟರ್ ದೂರದ ಊರಿಗೆ ಹೋಗಲು ಅದರ ಎರಡೂವರೆ ಪಟ್ಟು ಹಾರುತ್ತೇವೆ. ಮೊದಲ ಹಾರಾಟ ಮುಗಿದು ಬೆಂಗಳೂರಿನಲ್ಲಿ ಇಳಿದಾಗ ನಾನು ಹುಬ್ಬಳ್ಳಿಯಿಂದ, ಹೊರಟಾಗ ಇದ್ದದ್ದಕ್ಕಿಂತ ನೂರು ಕಿಲೋಮೀಟರ್ ಜಾಸ್ತಿ ದೂರದಲ್ಲಿದ್ದೆ! ದುಡ್ಡು ಕೊಟ್ಟು ಊರಿನಿಂದ ದೂರ ಹೋಗುವುದು ಅಂದರೆ ಇದೇ.

ನಕ್ಷೆಯ ಮೇಲೆ ಮಂಗಳೂರಿನಿಂದ ಹುಬ್ಬಳ್ಳಿಗೆ ಸ್ಕೇಲು ಇಟ್ಟು ಗೆರೆ ಎಳೆದು ನೋಡಿ. ಗೆರೆ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ ಹೋಗುತ್ತದೆ. ಕಾರ್ಕಳದ ಪಡುವಣ ಮಗ್ಗುಲಲ್ಲಿ ಹೊರಟು, ಕೊಲ್ಲೂರು–ಹೊಸನಗರಗಳ ನಡುವೆ ಘಟ್ಟ ಹತ್ತಿ, ಸಾಗರವನ್ನು ಬಲಕ್ಕೆ ಬಿಟ್ಟು, ಬನವಾಸಿಯ ನೆತ್ತಿಯ ಮೇಲೆ ಹಾದು, ಮುಂಡಗೋಡದ ಹತ್ತಿರದಿಂದ ಹುಬ್ಬಳ್ಳಿ. ಕದಂಬರ ರಾಜಧಾನಿ ಸರಿಯಾಗಿ ಗೆರೆಯ ಮೇಲೇ ಬೀಳುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅಕ್ಷಾಂಶ ರೇಖಾಂಶ ಹಾಕಿ ಎರಡು ಸಲ ಲೆಕ್ಕ ಮಾಡಿದೆ. ಎರಡು ಸಲವೂ ಬನವಾಸಿಯೇ.

ಆದರೆ ಗೆರೆಯ ದೂರವೇ ಹಾರಾಟದ ದೂರವಲ್ಲ ಅನ್ನುವುದು ನನಗೂ ಗೊತ್ತು. ಅಂತರ್ಜಾಲದ ಬಹಳಷ್ಟು ಲೆಕ್ಕಿಗರು ಮಾಡುವುದಿಷ್ಟೇ: ಗೆರೆಯ ದೂರವನ್ನು ದೊಡ್ಡ ಜೆಟ್‌ ವಿಮಾನದ ವೇಗ, ಅಂದರೆ ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಮೇಲೆ ಹಾಕುವುದು. 20 ನಿಮಿಷಕ್ಕೆ 30 ಸೇರಿಸಿದರೆ 50 ಆಯಿತು. ನಿಜದಲ್ಲಿ ಇಂಥ ದಾರಿಯಲ್ಲಿ ಹಾರುವುದು ಜೆಟ್ ಅಲ್ಲ, ಎಟಿಆರ್-72. ಎರಡು ರೆಕ್ಕೆಯ ಮೇಲೂ ಫ್ಯಾನು ತಿರುಗುವ, ಎಪ್ಪತ್ತು ಚಿಲ್ಲರೆ ಆಸನದ ಪುಟ್ಟ ವಿಮಾನ. ಎತ್ತರಕ್ಕೆ ಹೋಗಿ ಹದಕ್ಕೆ ಬಂದ ಮೇಲೆ ಅದರ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. 267 ಕಿಲೋಮೀಟರಿನಲ್ಲಿ ಹದಕ್ಕೆ ಬರುವುದರೊಳಗೆ ಇಳಿಯುವ ಹೊತ್ತು ಬಂದಿರುತ್ತದೆ.

ಇನ್ನೊಂದು ಸಂಗತಿ ಇದೆ, ಕಿಟಕಿ ಸೀಟಿನವರಿಗೆ ಮಾತ್ರ ಕಾಣುವುದು. ಮಂಗಳೂರಿನ ರನ್‌ವೇ 06–24, ಹುಬ್ಬಳ್ಳಿಯದು 08–26. ಈ ಅಂಕಿಗೆ ಸೊನ್ನೆ ಸೇರಿಸಿ ಓದಬೇಕು, ಅದು ದಿಕ್ಸೂಚಿಯ ಡಿಗ್ರಿ. ಎರಡೂ ಸುಮಾರಾಗಿ ಪೂರ್ವ–ಪಶ್ಚಿಮಕ್ಕೆ ಮಲಗಿವೆ. ಹೋಗಬೇಕಾದದ್ದು ಉತ್ತರಕ್ಕೆ. ಹಾಗಾಗಿ ಮಂಗಳೂರಿನಲ್ಲಿ ಸಮುದ್ರದ ಕಡೆಗೋ ಘಟ್ಟದ ಕಡೆಗೋ ಎದ್ದು ಆಮೇಲೆ ಮೂತಿ ತಿರುಗಿಸಬೇಕು, ಹುಬ್ಬಳ್ಳಿಯಲ್ಲಿ ಮತ್ತೆ ಅಡ್ಡ ತಿರುಗಿ ರನ್‌ವೇಗೆ ನೇರವಾಗಬೇಕು. ಬಜಪೆಯ ನಿಲ್ದಾಣ ಸಮುದ್ರಮಟ್ಟದಿಂದ ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿ, ಹುಬ್ಬಳ್ಳಿಯ ಗೋಕುಲ ರಸ್ತೆಯದು 660 ಮೀಟರ್ ಎತ್ತರದ ಬಯಲು, ನಡುವೆ ಸಹ್ಯಾದ್ರಿ. ಇದೆಲ್ಲ ಸೇರಿ ಗಾಳಿಯಲ್ಲಿ 40ರಿಂದ 45 ನಿಮಿಷ ಅಂತಿಟ್ಟುಕೊಳ್ಳಿ. ವಿಮಾನದವರು ಟಿಕೆಟ್ಟಿನಲ್ಲಿ ಬರೆಯುವುದು ಈ ಹೊತ್ತನ್ನಲ್ಲ. ಚಕ್ರದ ಅಡ್ಡಗಟ್ಟೆ ತೆಗೆದಲ್ಲಿಂದ ಇನ್ನೊಂದು ಊರಿನಲ್ಲಿ ಮತ್ತೆ ಅಡ್ಡಗಟ್ಟೆ ಇಡುವವರೆಗಿನದು, ಅವರ ಮಾತಿನಲ್ಲಿ ಬ್ಲಾಕ್ ಟೈಮ್. ಅದು ಒಂದು ಗಂಟೆಯಿಂದ ಒಂದೂ ಹತ್ತು. ಫೋನು ಹೇಳಿದ ಐವತ್ತು ನಿಮಿಷ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಇರಲಿ, ಒಂದೂ ಹತ್ತೇ ಆಗಲಿ. ಬೆಳಗ್ಗೆ ಐದಕ್ಕೆ ಮನೆ ಬಿಟ್ಟವನು ಒಂಬತ್ತೂವರೆಯೊಳಗೆ ಧಾರವಾಡದಲ್ಲಿ ತಾಯಿಯ ಮಂಚದ ಪಕ್ಕ ಕೂತಿರುತ್ತಾನೆ.

‘ಹಾರಿಸಿ ನೋಡಿದೆವಲ್ಲ, ನಡೆಯಲಿಲ್ಲ’ ಅಂತ ತಮ್ಮ ಕಚೇರಿಯಿಂದ ಉತ್ತರ ಬರಬಹುದು. ಹೌದು, ಕೋವಿಡ್ ಕಳೆದ ಮೇಲೆ ಕೆಲಕಾಲ ಮಂಗಳೂರು–ಹುಬ್ಬಳ್ಳಿ ನಡುವೆ ಎಟಿಆರ್ ಹಾರಿತ್ತು. ನಾನೂ ಹತ್ತಿದ್ದೇನೆ. ಸೀಟಿನ ಚೀಲದಲ್ಲಿದ್ದ ಮ್ಯಾಗಜೀನಿನ ಮೊದಲ ಲೇಖನ ಓದಿ ಮುಗಿಸುವುದರೊಳಗೆ ಉಣಕಲ್ ಕೆರೆ ಕಂಡಿತ್ತು. ಆಗ ನನಗಾದ ಸಂತೋಷವನ್ನು ಇಲ್ಲಿ ಬರೆದರೆ ತಾವು ನಗುತ್ತೀರಿ. ಆದರೆ ಅದು ದಿನಾ ಇರಲಿಲ್ಲ. ಇದ್ದ ದಿನವೂ ಬೆಳಗ್ಗೆ ಹೋಗಿ ಸಂಜೆ ಬರುವ ಹಾಗೆ ಇರಲಿಲ್ಲ. ಆಸ್ಪತ್ರೆಯಲ್ಲಿ ಬೆಳಗಿನ ಅಪಾಯಿಂಟ್‌ಮೆಂಟ್ ಇದ್ದವರಿಗೆ ಹಿಂದಿನ ದಿನವೇ ಬಂದು ಲಾಡ್ಜ್ ಹಿಡಿಯುವ ಖರ್ಚು. ವ್ಯಾಪಾರದವರಿಗೆ ಎರಡು ದಿನ ಹಾಳು. ವಿಮಾನ ನಿಲ್ಲಿಸಿದಾಗ ಹೇಳಿದ್ದು ಎಲ್ಲ ಕಡೆ ಹೇಳುವುದೇ: ಬೇಡಿಕೆ ಇಲ್ಲ.

ಬೇಡಿಕೆಯನ್ನು ಅಳೆಯುವುದು ಹೇಗೆ, ಸ್ವಾಮಿ? ಆ ಜುಲೈನಲ್ಲಿ ನಾನು ಎರಡು ಟಿಕೆಟ್ ತೆಗೆದೆ. ಒಂದು ಮಂಗಳೂರು–ಬೆಂಗಳೂರು, ಇನ್ನೊಂದು ಬೆಂಗಳೂರು–ಹುಬ್ಬಳ್ಳಿ. ಅಂಕಿಅಂಶದಲ್ಲಿ ನಾನು ಇಬ್ಬರು ಬೆಂಗಳೂರು ಪ್ರಯಾಣಿಕರು. ಮಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಮನುಷ್ಯ ಯಾವ ಪಟ್ಟಿಯಲ್ಲೂ ಇಲ್ಲ. ಇಳಕಲ್ ಸೀರೆಯ ಆ ಅವ್ವನೂ ಇಲ್ಲ, ಗಾಲಿಕುರ್ಚಿಯ ಆಕೆಯ ಗಂಡನೂ ಇಲ್ಲ. ಹೀಗೆ ನಮ್ಮನ್ನೆಲ್ಲ ಬೆಂಗಳೂರಿನ ಲೆಕ್ಕಕ್ಕೆ ಜಮಾ ಮಾಡಿ, ಆಮೇಲೆ ಬೆಂಗಳೂರಿಗೇ ಬೇಡಿಕೆ ಜಾಸ್ತಿ ಅಂತ ಅಲ್ಲಿಗೇ ಇನ್ನೊಂದು ವಿಮಾನ ಹಾಕುತ್ತಾರೆ. ತುಂಬಿದ ಕೊಡಕ್ಕೇ ನೀರು ಹೊಯ್ಯುವ ಕೆಲಸ. ರಾತ್ರಿ ಬಸ್ಸಿನ ಟಿಕೆಟ್ ಲೆಕ್ಕವನ್ನು ಸಾರಿಗೆ ಸಂಸ್ಥೆಯಿಂದ ತರಿಸಿಕೊಂಡು ನೋಡಿದ್ದೀರಾ? ಕರಾವಳಿಯ ಆಸ್ಪತ್ರೆಗಳ ಹೊರರೋಗಿಗಳಲ್ಲಿ ಘಟ್ಟದ ಮೇಲಿನ ಉತ್ತರದ ಜಿಲ್ಲೆಯವರು ಎಷ್ಟು ಅಂತ ಕೇಳಿದ್ದೀರಾ? ಬೇಡಿಕೆ ಇರುವುದು ಅಲ್ಲಿ.

ಕಂಪನಿಗಳ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ವಿಮಾನ ಏರುವಾಗ ಕುಡಿಯುವಷ್ಟು ಎಣ್ಣೆ ಸಮ ಹಾರುವಾಗ ಕುಡಿಯುವುದಿಲ್ಲ. ಗಿಡ್ಡ ದಾರಿಯಲ್ಲಿ ಹಾರಾಟದ ದೊಡ್ಡ ಪಾಲು ಏರುವುದೇ. ಹತ್ತಿಸಿ ಇಳಿಸುವ ಹೊತ್ತು, ಸಿಬ್ಬಂದಿ, ತಪಾಸಣೆ, ಚಕ್ರದ ಸವೆತ ಎಲ್ಲ ಉದ್ದ ದಾರಿಗೂ ಗಿಡ್ಡ ದಾರಿಗೂ ಒಂದೇ. ಅದೇ ಕಾರಣಕ್ಕೆ ಎಲ್ಲ ಜೋಡಿ ಊರುಗಳಿಗೂ ವಿಮಾನ ಬೇಕು ಅಂತ ನಾನು ಗಂಟಲು ಹರಿದುಕೊಳ್ಳುವುದಿಲ್ಲ. ಮಂಗಳೂರಿನಿಂದ ಶಿವಮೊಗ್ಗಕ್ಕೆ ಗಾಳಿಯಲ್ಲಿ 125 ಕಿಲೋಮೀಟರ್ ಚಿಲ್ಲರೆ. ಅಲ್ಲಿಗೆ ವಿಮಾನ ಕೇಳಿದರೆ ಅದು ಶೋಕಿ. ಆಗುಂಬೆಯ ಮಿನಿ ಬಸ್ಸೇ ಸಾಕು, ದಾರಿಯಲ್ಲಿ ಚಹಾನೂ ಸಿಗುತ್ತದೆ. ಮೈಸೂರಿಗೆ 200 ಕಿಲೋಮೀಟರ್ ಮೇಲೆ, ಆ ದಾರಿಯಲ್ಲೂ ವಿಮಾನ ಹಾರಿಸಿ ನೋಡಿದರು, ಉಳಿಯಲಿಲ್ಲ. ಮಡಿಕೇರಿ ಮೇಲೆ ಕಾರಿನಲ್ಲಿ ಐದಾರು ಗಂಟೆಗೆ ಮನೆ ಬಾಗಿಲಿಗೇ ಹೋಗುವವನು ನಿಲ್ದಾಣದಲ್ಲಿ ಯಾಕೆ ಸಾಲು ನಿಲ್ಲುತ್ತಾನೆ? ಹುಬ್ಬಳ್ಳಿಯ ಮಾತು ಬೇರೆ. ರಸ್ತೆಯಲ್ಲಿ 350 ಕಿಲೋಮೀಟರ್ ಆಸುಪಾಸು, ಎಂಟರಿಂದ ಹತ್ತು ಗಂಟೆ, ಮಳೆಗಾಲದಲ್ಲಿ ದೇವರ ಮೇಲೆ ಭಾರ. ರೈಲು ಹಾಸನ, ಅರಸೀಕೆರೆ ಸುತ್ತಿ ಬರಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಬರುತ್ತಲೇ ಇದೆ. ವಿಮಾನಕ್ಕೆ ಅರ್ಥ ಬರುವುದು ಇಂಥ ಕಡೆ: ನೆಲದ ದಾರಿ ಕಷ್ಟದ್ದು, ಗಾಳಿಯ ದಾರಿ ಗಿಡ್ಡದ್ದು.

ಸಣ್ಣ ವಿಮಾನಕ್ಕೆ ಸರ್ಕಾರ ಆಗಲೇ ಕೊಟ್ಟಿರುವ ಅನುಕೂಲಗಳೂ ಇವೆ. 80ಕ್ಕಿಂತ ಕಡಿಮೆ ಆಸನದ ದೇಶೀಯ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. 40 ಟನ್‌ಗಿಂತ ಕಡಿಮೆ ತೂಕದ ವಿಮಾನದ ಇಂಧನದ ಮೇಲೆ ರಾಜ್ಯಗಳು ಮನಸ್ಸಿಗೆ ಬಂದಷ್ಟು ಮಾರಾಟ ತೆರಿಗೆ ಹಾಕುವಂತಿಲ್ಲ. ತುಂಬಿದ ಎಟಿಆರ್-72ರ ತೂಕ 23 ಟನ್ ಅಷ್ಟೇ. ಮೇಲೆ ಉಡಾನ್ ಯೋಜನೆ. 2016ರ ಅಕ್ಟೋಬರಿನಲ್ಲಿ ಅದು ಬಂದಾಗ ಹೇಳಿದ್ದೇನು? 200ರಿಂದ 800 ಕಿಲೋಮೀಟರ್ ದೂರದ ಸಣ್ಣ ಊರುಗಳ ನಡುವೆ, ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ, ಅರ್ಧದಷ್ಟು ಆಸನ ಈ ದರಕ್ಕೆ, ಕಂಪನಿಯ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಆ ವಾಕ್ಯವನ್ನು ನಮ್ಮ ದಾರಿಯನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗಿದೆ! 267 ಕಿಲೋಮೀಟರ್, ಒಂದು ಗಂಟೆ, ಎರಡು ಸಣ್ಣ ಊರು.

ಆಗಿದ್ದೇನು ಅನ್ನುವುದು 2023ರ ಆಗಸ್ಟಿನಲ್ಲಿ ಬಂದ ಮಹಾಲೇಖಪಾಲರ ವರದಿಯಲ್ಲಿದೆ. ಉಡಾನ್‌ನ ಮೂರನೇ ಹಂತದವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ ಹಾರಾಟ ಶುರುವಾದದ್ದೇ 371ರಲ್ಲಿ. ಮೂರು ವರ್ಷದ ಅವಧಿ ಪೂರೈಸಿದ್ದು 112. ಸಬ್ಸಿಡಿ ನಿಂತ ಮೇಲೂ 2023ರ ಮಾರ್ಚ್ ಹೊತ್ತಿಗೆ ಉಳಿದದ್ದು 54. ನೂರು ಮಾರ್ಗಕ್ಕೆ ಏಳು. ಇದನ್ನು ನೋಡಿ ಉಡಾನ್ ದಂಡ ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ. ಮೊಳಕೆಗೆ ಮೂರು ವರ್ಷ ನೀರು ಹಾಕಿ, ಬೇರು ಬಿಡುವ ಜಾಗ ಮಾತ್ರ ನೋಡದೆ ಹೋದರೆ ಹೀಗಾಗುತ್ತದೆ. ಹಾರಾಟ ಎಷ್ಟು ಹೊತ್ತಿಗೆ, ಆ ಹೊತ್ತು ಯಾರಿಗೆ ಬೇಕು, ದಿನಾ ಇದೆಯೋ ಇಲ್ಲವೋ ಅನ್ನುವುದನ್ನು ಕೇಳುವವರಿಲ್ಲ. ಕಂಪನಿ ತನ್ನ ವಿಮಾನವನ್ನು ಬೆಳಗ್ಗೆಯೂ ಸಂಜೆಯೂ ದೊಡ್ಡ ಊರುಗಳ ನಡುವೆ ಓಡಿಸುತ್ತದೆ. ನಡುವೆ ಅದು ಸುಮ್ಮನೆ ನಿಂತಿರುವ ಹೊತ್ತು ನಮ್ಮ ಪಾಲಿಗೆ. ಮಧ್ಯಾಹ್ನ ಒಂದೂವರೆಗೆ ಹೊರಡುವ ವಿಮಾನಕ್ಕೆ ಜನ ಇಲ್ಲ ಅಂದರೆ ಅದು ಹುಬ್ಬಳ್ಳಿಯವರ ತಪ್ಪೇ?

2025ರ ಬಜೆಟ್ಟಿನಲ್ಲಿ ಪರಿಷ್ಕೃತ ಉಡಾನ್ ಅಂತ ಹೇಳಿದ್ದೀರಿ, ಹತ್ತು ವರ್ಷದಲ್ಲಿ 120 ಹೊಸ ಊರು, 4 ಕೋಟಿ ಪ್ರಯಾಣಿಕರು. ಹೊಸ ಊರು ಸೇರಿಸುವುದು ಒಳ್ಳೆಯದೇ. ಆದರೆ ಹಳೆಯ ಊರುಗಳನ್ನು ಒಂದಕ್ಕೊಂದು ಸೇರಿಸುವುದೂ ಆ ಲೆಕ್ಕದಲ್ಲಿ ಬರಲಿ. ಕಟ್ಟಡ ಇದೆ, ರನ್‌ವೇ ಇದೆ, ಅಗ್ನಿಶಾಮಕ ಇದೆ, ಹುಬ್ಬಳ್ಳಿಗೆ 2017ರ ಕೊನೆಗೆ ಹೊಸ ಟರ್ಮಿನಲ್ಲೂ ಬಂತು. ಇಲ್ಲದ್ದು ಗೆರೆ ಮಾತ್ರ.

ನಾನು ಕೇಳುತ್ತಿರುವುದು ಬಹಳ ದೊಡ್ಡದಲ್ಲ. ಒಂದೇ ಒಂದು ಎಟಿಆರ್ ರಾತ್ರಿ ಹುಬ್ಬಳ್ಳಿಯಲ್ಲಿ ತಂಗಲಿ. ಬೆಳಗ್ಗೆ ಏಳರ ಸುಮಾರಿಗೆ ಅಲ್ಲಿಂದ ಎದ್ದು ಎಂಟೂ ಹತ್ತಕ್ಕೆ ಮಂಗಳೂರಿಗೆ ಬರಲಿ, ಅರ್ಧ ಗಂಟೆಯಲ್ಲಿ ತಿರುಗಿ ಹುಬ್ಬಳ್ಳಿಗೆ ಹೋಗಲಿ. ಸಂಜೆ ಮತ್ತೆ ಇದೇ ಸುತ್ತು. ನಡುವಿನ ಹೊತ್ತಿನಲ್ಲಿ ಕಂಪನಿಗೆ ಎಲ್ಲಿ ಲಾಭವೋ ಅಲ್ಲಿ ಹಾರಿಸಿಕೊಳ್ಳಲಿ, ಬೆಂಗಳೂರಾಗಲಿ ಹೈದರಾಬಾದಾಗಲಿ. ಇದುವರೆಗೆ ನಡೆದದ್ದನ್ನು ತಿರುವುಮುರುವು ಮಾಡಿ ಅನ್ನುತ್ತಿದ್ದೇನೆ, ಅಷ್ಟೇ. ದಿನಾ ಇರಬೇಕು. ವಾರಕ್ಕೆ ನಾಲ್ಕು ದಿನದ ವಿಮಾನವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ನೆನಪಿಲ್ಲದ ವಿಮಾನಕ್ಕೆ ಯಾರೂ ಹತ್ತುವುದಿಲ್ಲ.

ರಾಜ್ಯದ ಸಚಿವರಿಗೆ ಒಂದು ಮಾತು. ಉಡಾನ್ ನಷ್ಟಭರ್ತಿಯಲ್ಲಿ ರಾಜ್ಯದ ಪಾಲು ನೂರಕ್ಕೆ 20. ಹುಬ್ಬಳ್ಳಿ–ಮಂಗಳೂರು ಕೇಂದ್ರದ ಪಟ್ಟಿಯಲ್ಲಿ ಬರಲಿಲ್ಲ ಅಂತ ಕೈ ತೊಳೆದುಕೊಳ್ಳಬೇಡಿ. ಪ್ರತಿ ಹಾರಾಟದಲ್ಲಿ ಇಷ್ಟು ಆಸನ ತುಂಬದಿದ್ದರೆ ಅದರ ದುಡ್ಡು ನಾವು ಕೊಡುತ್ತೇವೆ ಅಂತ ಕಂಪನಿಗೆ ಬರೆದುಕೊಡಿ, ಬದಲಿಗೆ ವೇಳಾಪಟ್ಟಿ ನಿಮ್ಮ ಕೈಯಲ್ಲಿರಲಿ. ದುಡ್ಡು ಕೊಡುವವನು ಹೊತ್ತು ಕೇಳಬೇಕು. ಗಾಲಿಕುರ್ಚಿಯಲ್ಲಿ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ನಾಲ್ಕು ಆಸನ ಕೊನೆಯ ದಿನದವರೆಗೂ ಅದೇ ದರದಲ್ಲಿ ಇರಲಿ. ಆಪರೇಷನ್ ಯಾರೂ ಎರಡು ತಿಂಗಳು ಮುಂಚೆ ಆಫರ್ ನೋಡಿ ಮಾಡಿಸಿಕೊಳ್ಳುವುದಿಲ್ಲ.

ಇನ್ನೊಂದು, ಸ್ವಲ್ಪ ಆಸೆಬುರುಕತನ ಅನ್ನಿಸಿದರೂ ಹೇಳಿಬಿಡುತ್ತೇನೆ. ಮಂಗಳೂರಿನಿಂದ ಕಲಬುರಗಿಗೆ ಗಾಳಿಯ ಗೆರೆ ಸುಮಾರು 530 ಕಿಲೋಮೀಟರ್. ಹುಬ್ಬಳ್ಳಿಯ ಮೇಲೆ ಹೋದರೆ 267ಕ್ಕೆ 294 ಸೇರಿ 561. ಮೂವತ್ತು ಕಿಲೋಮೀಟರ್ ಮಾತ್ರ ಸುತ್ತು, ಎಟಿಆರ್‌ಗೆ ನಾಲ್ಕು ನಿಮಿಷ. ಹುಬ್ಬಳ್ಳಿ ಹೆಚ್ಚುಕಡಿಮೆ ದಾರಿಯಲ್ಲೇ ಇದೆ. ಬೆಂಗಳೂರಿನ ಮೇಲೆ ಲೆಕ್ಕ ಹಾಕಿದರೆ ಅದೇ ದೂರ 770ರ ಹತ್ತಿರ ಬರುತ್ತದೆ. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ. ವಾರಕ್ಕೆ ಎರಡು ಸಲವಾದರೂ ಹುಬ್ಬಳ್ಳಿಯ ವಿಮಾನ ಅಲ್ಲಿಯವರೆಗೆ ಚಾಚಿದರೆ ಕರಾವಳಿಯ ನೆಲದಿಂದ ತೊಗರಿಯ ನೆಲಕ್ಕೆ ಎರಡೂ ಮುಕ್ಕಾಲು ಗಂಟೆ, ನಡುವಿನ ನಿಲುಗಡೆ ಸೇರಿಸಿ. ಸದ್ಯಕ್ಕೆ ಇಷ್ಟೇ ಆಸೆ. ಮೊದಲು ಹುಬ್ಬಳ್ಳಿ ಆಗಲಿ.

ಮಂಗಳೂರು ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಆಗ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು, ಹುಬ್ಬಳ್ಳಿ ಬೊಂಬಾಯಿಯದರಲ್ಲಿ. ಒಂದೂರಿನವರು ಇನ್ನೊಂದೂರಿಗೆ ಹೋಗಲು ಯಾಕೆ ಕಷ್ಟ ಅಂತ ಆಗ ಕೇಳಿದ್ದರೆ ಉತ್ತರ ಸಿದ್ಧವಿತ್ತು, ಬೇರೆ ಬೇರೆ ರಾಜ್ಯ. 1956ರ ನವೆಂಬರ್ 1ಕ್ಕೆ ಆ ಉತ್ತರ ಮುಗಿಯಿತು. ಆದರೆ ನಿಮ್ಮ ಕಚೇರಿಯ ಗೋಡೆಯ ಮೇಲಿನ ವಿಮಾನ ಮಾರ್ಗಗಳ ನಕ್ಷೆ ನೋಡಿ, ಎರಡೂ ಊರಿನಿಂದ ಗೆರೆಗಳು ಹೊರಟು ಮುಂಬೈಗೆ, ದೆಹಲಿಗೆ, ಬೆಂಗಳೂರಿಗೆ ಹೋಗುತ್ತವೆ. ಮಂಗಳೂರಿನಿಂದ ದುಬೈಗೂ ನೇರ ಗೆರೆ ಇದೆ. ಬನವಾಸಿಯ ಮೇಲೆ ಹಾದು ಹೋಗುವ ಗೆರೆ ಮಾತ್ರ ಇಲ್ಲ.

ತಾಯಿ ಈಗ ಕೋಲು ಹಿಡಿದು ಅಂಗಳದವರೆಗೆ ಓಡಾಡುತ್ತಾರೆ. ಮುಂದಿನ ತಿಂಗಳು ಡಾಕ್ಟರು ಮತ್ತೆ ನೋಡಬೇಕಂತೆ, ‘ನೀ ಬಂದ್ರ ಛಲೋ’ ಅಂತ ಫೋನು ಮಾಡಿದ್ದರು. ರಾತ್ರಿ ಒಂಬತ್ತರ ಸ್ಲೀಪರ್ ಬಸ್ಸಿಗೆ ಕೆಳಗಿನ ಬರ್ತ್ ಹಿಡಿದಿದ್ದೇನೆ. ಅರಬೈಲು ಘಟ್ಟದಲ್ಲಿ ಎಚ್ಚರವಾಗುತ್ತದೆ, ಪ್ರತಿ ಸಲವೂ ಆಗುತ್ತದೆ. ಬೆಳಗ್ಗೆ ಹುಬ್ಬಳ್ಳಿಯ ಹೊಸೂರು ಸರ್ಕಲ್ಲಿನಲ್ಲಿ ಇಳಿದು ಧಾರವಾಡಕ್ಕೆ ಚಿಗರಿ ಬಸ್ ಹತ್ತಬೇಕು. ಅಷ್ಟರೊಳಗೆ ತಮ್ಮಿಂದ ಉತ್ತರ ಬಂದರೆ ಬರ್ತ್ ಕ್ಯಾನ್ಸಲ್ ಮಾಡುತ್ತೇನೆ, ಹೋದ ದುಡ್ಡು ಹೋಗಲಿ.

ಇತಿ,
ತಮ್ಮ ವಿಶ್ವಾಸಿ,
ಮಂಗಳೂರಿನಲ್ಲಿರುವ ಒಬ್ಬ ಧಾರವಾಡದವ